ಬಾಳೆಲೆಯಿಂದ ಆಸ್ಪತ್ರೆಗೆ ಎಷ್ಟು ದೂರ?

ದಕ್ಷಿಣ ಕೊಡಗಿನ ಬಾಳೆಲೆ ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಊರು. ಕಾಫಿ ತೋಟ, ಕರಿಮೆಣಸಿನ ಬಳ್ಳಿ, ಗದ್ದೆ ಬಯಲು, ತೋಟದ ಲೈನ್ ಮನೆಗಳು, ಕಾಡಂಚಿನ ಹಾಡಿಗಳು ಎಲ್ಲವೂ ಸೇರಿ ಒಂದು ಊರು. ಪೇಟೆಯ ಕೆಲಸವೆಂದರೆ ಗೋಣಿಕೊಪ್ಪ, ತಾಲೂಕು ಕಚೇರಿಯೆಂದರೆ ಪೊನ್ನಂಪೇಟೆ, ದೊಡ್ಡಾಸ್ಪತ್ರೆಯೆಂದರೆ ವಿರಾಜಪೇಟೆ ಇಲ್ಲವೇ ಮಡಿಕೇರಿ. ಅದಕ್ಕೂ ಮೀರಿದ ಕಾಯಿಲೆಯಾದರೆ ಹುಣಸೂರು ಹಾದು ಮೈಸೂರು. ಮಳೆಗಾಲದಲ್ಲಿ ಲಕ್ಷ್ಮಣತೀರ್ಥ ಉಕ್ಕಿದರೆ ನಿಟ್ಟೂರು ಕಡೆಯ ರಸ್ತೆ ಮುಳುಗುವುದುಂಟು. ಕತ್ತಲಾದ ಮೇಲೆ ದಾರಿಯಲ್ಲಿ ಕಾಡಾನೆ ನಿಂತಿರುವುದೂ ಹೊಸ ಸಂಗತಿಯಲ್ಲ.

ಇಂಥ ಊರಿನಲ್ಲಿ ಹಾವು ಕಚ್ಚಿದರೆ ಏನು ಮಾಡಬೇಕೆಂದು ಶಾಲೆಯ ಮಕ್ಕಳಿಗೂ ಗೊತ್ತು. ಹೆರಿಗೆ ನೋವು ಬಂದರೆ ಯಾರಿಗೆ ಹೇಳಬೇಕು, ಯಾರ ಜೀಪು ಸಿಗುತ್ತದೆ ಎಂಬುದು ಹೆಂಗಸರಿಗೆಲ್ಲ ಗೊತ್ತು. ಆದರೆ ಹತ್ತಾರು ವರ್ಷ ಕುಡಿದವನೊಬ್ಬ ಕುಡಿತ ನಿಲ್ಲಿಸಿದ ಮೂರನೆಯ ರಾತ್ರಿ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಂಡು ಚೀರತೊಡಗಿದರೆ ಏನು ಮಾಡಬೇಕು? ಊರ ಹುಡುಗನೊಬ್ಬ ಮೈಸೂರಿನ ಹಾಸ್ಟೆಲಿನಲ್ಲಿ ಮಾತ್ರೆ ನುಂಗಿ, ಅದರ ಮೇಲೆ ಬ್ರಾಂಡಿ ಕುಡಿದು, ಎಷ್ಟು ಅಲುಗಾಡಿಸಿದರೂ ಏಳದಿದ್ದರೆ ಪಕ್ಕದ ಮಂಚದ ಗೆಳೆಯ ಏನು ಮಾಡಬೇಕು? ಈ ಪ್ರಶ್ನೆಗಳನ್ನು ಯಾವ ಪಠ್ಯಪುಸ್ತಕವೂ ಕೇಳುವುದಿಲ್ಲ. ಉತ್ತರ ತಿಳಿಯದ ಮನೆಯಲ್ಲಿ ಹೋಗುವುದು ಜೀವ.

ಆದ್ದರಿಂದ ಬಾಳೆಲೆಯಿಂದ ಆಸ್ಪತ್ರೆಗೆ ಎಷ್ಟು ದೂರ ಎಂಬುದನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆದರೆ ಸಾಲದು. ರಸ್ತೆಯ ದೂರ ಒಂದು. ತಿಳಿವಳಿಕೆಯ ದೂರ ಇನ್ನೊಂದು. ನಾಚಿಕೆಯ ದೂರ ಮೂರನೆಯದು. ಮೊದಲನೆಯದನ್ನು ಸರ್ಕಾರ ಕಡಿಮೆ ಮಾಡಬೇಕು. ಉಳಿದೆರಡನ್ನು ಮನೆ ಮತ್ತು ಶಾಲೆ ಇವತ್ತೇ ಕಡಿಮೆ ಮಾಡಬಹುದು.

ಕೆಟ್ಟ ನಡತೆಯೋ, ಕಾಯಿಲೆಯೋ?

ಕುಡಿತವನ್ನು ಕೊಡಗಿನಲ್ಲಿ ಗುಟ್ಟಿನ ಸಂಗತಿ ಎನ್ನುವಂತಿಲ್ಲ. ಹಬ್ಬ, ಮದುವೆ, ನೆಂಟರ ಸತ್ಕಾರಗಳಲ್ಲಿ ಮದ್ಯಕ್ಕೆ ಒಂದು ಸ್ಥಾನವಿದೆ. ತೋಟದ ಲೈನ್ ಮನೆಗಳಲ್ಲಿ ಬಟವಾಡೆಯ ಸಂಜೆ ಅದಕ್ಕೆ ಬೇರೊಂದು ಸ್ಥಾನ. ಮದ್ಯ ಕಂಡವರೆಲ್ಲ ಅದರ ದಾಸರಾಗುವುದಿಲ್ಲ ಎಂಬುದು ನಿಜ. ಆದರೆ ಎಲ್ಲರೂ ಕುಡಿಯುವ ಕಡೆ ಒಬ್ಬನ ಕುಡಿತ ಯಾವಾಗ ಕಾಯಿಲೆಯಾಯಿತು ಎಂಬುದು ಯಾರ ಕಣ್ಣಿಗೂ ಬೇಗ ಬೀಳುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವುದು, ಒಂದು ಗುಟುಕು ಬಿದ್ದ ಮೇಲೆ ನಡುಕ ನಿಲ್ಲುವುದು, ಮೊದಲು ಸಾಕಾಗುತ್ತಿದ್ದ ಪ್ರಮಾಣ ಸಾಲದಾಗುವುದು, ಬಿಡಬೇಕೆಂದು ಆಣೆ ಮಾಡಿದರೂ ಬಿಡಲಾಗದಿರುವುದು: ಇವು ಚಟ ಅವಲಂಬನೆಯ ಕಾಯಿಲೆಯಾಗಿ ಬೆಳೆದಿರುವ ಲಕ್ಷಣಗಳು.

ಇದು ವೈದ್ಯರ ಅಭಿಪ್ರಾಯ ಮಾತ್ರವಲ್ಲ, ದೇಶದ ಕಾನೂನೂ ಹೌದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮನಸ್ಸಿನ ತೊಂದರೆಗಳನ್ನು ಮಾನಸಿಕ ಕಾಯಿಲೆಯ ಅರ್ಥದಲ್ಲೇ ಸೇರಿಸಿದೆ. ಸರ್ಕಾರದ ಖರ್ಚಿನಲ್ಲಿ ನಡೆಯುವ ಸೇವೆಯಿಂದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎಂದೂ, ರೋಗಿಯ ವಿಷಯವನ್ನು ಗುಟ್ಟಾಗಿಡಬೇಕು ಎಂದೂ ಅದು ಹೇಳುತ್ತದೆ. ಮಗಳ ಮದುವೆಗೆ ತೊಡಕಾದೀತು, ಮನೆತನದ ಹೆಸರು ಹೋದೀತು ಎಂದು ಅಂಜುವ ತಂದೆತಾಯಿಗಳು ಈ ಮಾತನ್ನು ನೆನಪಿಡಬೇಕು.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ದೇಶದ ಸ್ಥಿತಿಯನ್ನು ಹೇಳಿತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಸಿದ ಈ ಸಮೀಕ್ಷೆಯಂತೆ, 10ರಿಂದ 75 ವಯಸ್ಸಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಿದ್ದರು. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಅದು ಹಾನಿಯ ಹಂತ ಮುಟ್ಟಿತ್ತು. ಮದ್ಯದ ಮೇಲೆ ಅವಲಂಬಿತರಾದ ಪ್ರತಿ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ದೊರಕಿತ್ತು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವನು 180 ಜನರಲ್ಲಿ ಒಬ್ಬ. ಗೋಣಿಕೊಪ್ಪದಿಂದ ಬಾಳೆಲೆಗೆ ಬರುವ ಬಸ್ಸಿನಲ್ಲಿ 38 ರೋಗಿಗಳು ಕುಳಿತಿದ್ದಾರೆ ಎಂದುಕೊಂಡರೆ, ಆಸ್ಪತ್ರೆಯ ಮುಂದೆ ಇಳಿಯುವವನು ಒಬ್ಬನೇ. ಮಿಕ್ಕವರು ಹಾಗೆಯೇ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಅವರ ಮಕ್ಕಳು ಓದಲು ಕುಳಿತಿರುತ್ತಾರೆ.

ಕರ್ನಾಟಕ ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಸಾರಾಯಿ ಪ್ಯಾಕೆಟ್ಟುಗಳು ಅಂಗಡಿಯಿಂದ ಮರೆಯಾದವು. ಬಡವರ ಮನೆಯ ಹೆಂಗಸರು ಸಂತೋಷಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬೇರೆ ಬಗೆಯ ಮದ್ಯ ಅಂಗಡಿಯಲ್ಲೇ ಉಳಿಯಿತು. ಅಂಗಡಿ ಮುಚ್ಚಿಸಿದ ಮಾತ್ರಕ್ಕೆ ರೋಗಿಯ ಮೈಯೊಳಗಿನ ಅವಲಂಬನೆ ಮುಚ್ಚಿಹೋಗುವುದಿಲ್ಲ. ಅದಕ್ಕೆ ಚಿಕಿತ್ಸೆಯೇ ಬೇಕು.

ಮೊದಲ ಅಪಾಯ: ಒಮ್ಮೆಲೇ ಬಿಡುವುದು

ಕುಡಿತ ಬಿಡುವುದರಿಂದ ಯಾರಾದರೂ ಸಾಯುತ್ತಾರೆಯೇ ಎಂದು ಕೇಳಿದರೆ ಬಹಳ ಜನ ನಗುತ್ತಾರೆ. ಸಾಯುತ್ತಾರೆ ಎಂಬುದೇ ವೈದ್ಯರ ಉತ್ತರ. ಪ್ರತಿದಿನ ಹೆಚ್ಚು ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದವರ ಮಿದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಮದ್ಯ ನರಗಳನ್ನು ಮಂದಗೊಳಿಸುವ ವಸ್ತು. ಅದರ ಒತ್ತಡದಲ್ಲೂ ಕೆಲಸ ನಡೆಯಬೇಕೆಂದು ಮಿದುಳು ತನ್ನ ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಇಳಿಜಾರಿನಲ್ಲಿ ಹೋಗುವ ಎತ್ತಿನ ಗಾಡಿಯ ಬಿರಿಯನ್ನು ತಟ್ಟನೆ ಬಿಟ್ಟರೆ ಏನಾಗುತ್ತದೋ, ಮದ್ಯವನ್ನು ತಟ್ಟನೆ ನಿಲ್ಲಿಸಿದಾಗ ಅದೇ ಆಗುತ್ತದೆ.

ಕೊನೆಯ ಕುಡಿತದ ನಂತರ ಆರೆಂಟು ಗಂಟೆಗಳಲ್ಲೇ ಕೈ ನಡುಕ, ಬೆವರು, ವಾಕರಿಕೆ, ನಿದ್ದೆಗೇಡು ಆರಂಭವಾಗಬಹುದು. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಹೊತ್ತು ಯಾವುದು, ಎದುರಿಗಿರುವವರು ಯಾರು ಎಂಬುದು ತಿಳಿಯುವುದಿಲ್ಲ. ಇಲ್ಲದ ಹುಳು, ಹಾವು, ಮನುಷ್ಯರು ಕಾಣುತ್ತಾರೆ. ಮೈ ಕಾದು ಎದೆ ಬಡಿತ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಹಳ್ಳಿಯ ಮನೆಯಲ್ಲಿ ಇಂಥ ರಾತ್ರಿಗೆ ಸಿಗುವ ವಿವರಣೆ ಒಂದೇ: ಗಾಳಿ ಸೋಕಿದೆ. ಯಂತ್ರ, ತಾಯತ, ಮಂತ್ರವಾದಿಯ ಮನೆ ಎಂದು ಹೊತ್ತು ಕಳೆಯುತ್ತದೆ. ಇನ್ನು ಕೆಲವರು ಹೆಂಡತಿ ಮಕ್ಕಳ ಮುಂದೆ ದೇವರ ಮೇಲೆ ಆಣೆಯಿಟ್ಟೋ, ಶಬರಿಮಲೆಯ ಮಾಲೆ ಧರಿಸಿಯೋ ಒಂದೇ ದಿನದಲ್ಲಿ ಕುಡಿತ ಬಿಡುತ್ತಾರೆ. ಸಂಕಲ್ಪ ದೊಡ್ಡದು, ಅದನ್ನು ಹೀಯಾಳಿಸಬಾರದು. ಆದರೆ ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದವನು, ಬೆಳಗಿನಿಂದಲೇ ಕುಡಿಯುವವನು, ಲಿವರ್ ಕೆಟ್ಟವನು ಸಂಕಲ್ಪದ ಜೊತೆಗೆ ವೈದ್ಯರನ್ನೂ ಕಾಣಬೇಕು. ಚಿಕಿತ್ಸೆ ಅಸಾಧ್ಯವಾದದ್ದೇನೂ ಅಲ್ಲ. ನರಗಳ ಕೆರಳಿಕೆಯನ್ನು ತಗ್ಗಿಸುವ ಡಯಾಜೆಪಾಂ ಜಾತಿಯ ಔಷಧವನ್ನು ಕೆಲವು ದಿನ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ, ಏಕೆಂದರೆ ಅದರ ಕೊರತೆಯಿಂದ ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗುವ ಅಪಾಯವಿದೆ. ಈ ಔಷಧಗಳು ಹಳೆಯವು, ಅಗ್ಗದವು. ಆದರೆ ವೈದ್ಯರ ಕಣ್ಣಳತೆಯಲ್ಲೇ ತೆಗೆದುಕೊಳ್ಳತಕ್ಕವು.

ಎರಡನೆಯ ಅಪಾಯ: ಮಿತಿಮೀರಿದ ಸೇವನೆ

ಓವರ್‌ಡೋಸ್ ಎಂದ ಕೂಡಲೇ ಅಮೆರಿಕದ ಬೀದಿಗಳು ನೆನಪಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 6 ಲಕ್ಷ ಸಾವುಗಳಿಗೆ ಮಾದಕ ವಸ್ತುಗಳು ಕಾರಣವಾದವು. ಅವುಗಳಲ್ಲಿ ಸುಮಾರು ಶೇ 80ರಷ್ಟಕ್ಕೆ ಅಫೀಮು ಜಾತಿಯ ವಸ್ತುಗಳ ಸಂಬಂಧವಿತ್ತು. ಕೊಡಗಿನ ಹಳ್ಳಿಗೆ ಇದು ದೂರದ ಸುದ್ದಿ ಎನಿಸಬಹುದು. ಆದರೆ ಪಿಯುಸಿ ಮುಗಿಸಿದ ಮಕ್ಕಳು ಮೈಸೂರು, ಮಂಗಳೂರು, ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಹೆರಾಯಿನ್ ಕಾಣದಿದ್ದರೂ ಬಲವಾದ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳು ಕೈಗೆ ಸಿಗಬಹುದು. ಟ್ರಮಡಾಲ್ ಎಂಬ ಅಫೀಮು ಜಾತಿಯ ನೋವಿನ ಮಾತ್ರೆಯ ದುರುಪಯೋಗ ಹೆಚ್ಚಿದ್ದರಿಂದಲೇ 2018ರಲ್ಲಿ ಅದನ್ನು ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು.

ಊರಿನೊಳಗೂ ಅಪಾಯವಿಲ್ಲದಿಲ್ಲ. ಪಂದ್ಯ ಕಟ್ಟಿ ಒಂದೇ ಗುಕ್ಕಿಗೆ ಕುಡಿಯುವುದು, ಕುಡಿದ ಮೇಲೆ ನಿದ್ದೆ ಮಾತ್ರೆ ನುಂಗುವುದು, ಎಲ್ಲಿ ಯಾರು ಕಾಯಿಸಿದರೆಂದು ತಿಳಿಯದ ಕಳ್ಳಭಟ್ಟಿ ಕುಡಿಯುವುದು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಶಾಲೆಯ ಮಕ್ಕಳಲ್ಲಿ ಇನ್ನೊಂದು ಅಪಾಯ: ಅಂಟು, ಥಿನ್ನರ್, ವೈಟ್ನರ್‌ಗಳ ಆವಿ ಸೇದುವುದು. 2019ರ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡುಬಂದ ಮಾದಕ ವಸ್ತು ಇದೊಂದೇ. ಇದರ ಆವಿಗೆ ಎದೆಬಡಿತ ತಪ್ಪಿ ಮೊದಲ ಸಲವೇ ಸಾವು ಬಂದದ್ದುಂಟು.

ಎಚ್ಚರ ತಪ್ಪಿದವನನ್ನು ಕಂಡಾಗ ನೋಡಬೇಕಾದದ್ದು ಉಸಿರಾಟವನ್ನು. ಕೂಗಿದರೂ ಅಲುಗಾಡಿಸಿದರೂ ಏಳದಿರುವುದು, ಉಸಿರು ತೀರ ನಿಧಾನವಾಗುವುದು ಅಥವಾ ತಡೆತಡೆದು ಬರುವುದು, ಗಂಟಲಲ್ಲಿ ಗೊರಗೊರ ಸದ್ದು, ತುಟಿ ಉಗುರುಗಳು ನೀಲಿಯಾಗುವುದು, ಮೈ ತಣ್ಣಗಾಗುವುದು: ಇವುಗಳಲ್ಲಿ ಯಾವುದು ಕಂಡರೂ ಅದು ನಿದ್ದೆಯಲ್ಲ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿದ್ದರೆ ಅಫೀಮು ಜಾತಿಯ ವಸ್ತುವಿನ ಸಂಶಯ ಬಲವಾಗುತ್ತದೆ. ಒಡನೆ 108ಕ್ಕೆ ಫೋನು ಮಾಡಬೇಕು. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲನ್ನು ಮಡಿಸಿ, ಬಾಯಿ ನೆಲದತ್ತ ಬರುವಂತೆ ಮಲಗಿಸಬೇಕು. ಆಗ ವಾಂತಿಯಾದರೆ ಅದು ಹೊರಗೆ ಹೋಗುತ್ತದೆ. ಅಂಗಾತ ಮಲಗಿದ್ದರೆ ಅದೇ ವಾಂತಿ ಶ್ವಾಸಕೋಶಕ್ಕೆ ಇಳಿದು ಕೊಲ್ಲುತ್ತದೆ. ಉಸಿರು ನಿಂತಿದ್ದರೆ 108ರವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತುವುದನ್ನೂ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಆರಂಭಿಸಬೇಕು.

ಮಾಡಬಾರದವುಗಳ ಪಟ್ಟಿ ಕಾಫಿ ಸೀಮೆಯಲ್ಲಿ ಮುಖ್ಯ. ಎಚ್ಚರ ತಪ್ಪಿದವನ ಬಾಯಿಗೆ ಗಟ್ಟಿ ಕಾಫಿ ಹುಯ್ಯಬಾರದು. ಮಜ್ಜಿಗೆ, ನಿಂಬೆರಸ, ಉಪ್ಪುನೀರು ಯಾವುದನ್ನೂ ಕುಡಿಸಬಾರದು. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಕೊಡಗಿನ ಚಳಿಯಲ್ಲಿ ತಣ್ಣೀರು ಸುರಿದರೆ ಮೊದಲೇ ತಣ್ಣಗಾಗುತ್ತಿರುವ ಮೈ ಇನ್ನಷ್ಟು ತಣ್ಣಗಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಮಲಗಲಿ, ಬೆಳಿಗ್ಗೆ ಸರಿಹೋಗುತ್ತಾನೆ ಎಂದು ಬಾಗಿಲು ಮುಚ್ಚಿ ಹೋಗುವುದು. ಹೊಟ್ಟೆಯಲ್ಲಿರುವ ಮದ್ಯ ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ನುಂಗಿದ ಮಾತ್ರೆಯ ಹಾಳೆ ಸಿಕ್ಕರೆ ಅದನ್ನು ವೈದ್ಯರಿಗೆ ಕೊಡಬೇಕು.

ಅಫೀಮು ಜಾತಿಯ ಓವರ್‌ಡೋಸಿಗೆ ನಾಲೊಕ್ಸೋನ್ ಎಂಬ ಪ್ರತ್ಯೌಷಧವಿದೆ. ಮಿದುಳಿನಲ್ಲಿ ಅಫೀಮು ಕುಳಿತ ಜಾಗದಿಂದ ಅದನ್ನು ಎಬ್ಬಿಸಿ ನಿಂತ ಉಸಿರನ್ನು ಕೆಲವೇ ನಿಮಿಷಗಳಲ್ಲಿ ಮರಳಿಸಬಲ್ಲ ಔಷಧ ಅದು. ಪರಿಣಾಮ ಇಳಿದ ಮೇಲೆ ರೋಗಿ ಮತ್ತೆ ಮಂಪರಿಗೆ ಜಾರಬಹುದಾದ್ದರಿಂದ ಆಸ್ಪತ್ರೆಯಲ್ಲಿ ಕಾಯುವುದು ಅಗತ್ಯ. ರೋಗಿಯ ಬಳಿ ಇರುವ ಗೆಳೆಯರ, ಮನೆಯವರ ಕೈಗೂ ಈ ಔಷಧ ಸಿಗುವಂತೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಸಲಹೆ ಕೊಟ್ಟಿತು. ಅಮೆರಿಕದಲ್ಲಿ ಮೂಗಿಗೆ ಸಿಂಪಡಿಸುವ ನಾಲೊಕ್ಸೋನನ್ನು ಚೀಟಿಯಿಲ್ಲದೆ ಮಾರಲು 2023ರಲ್ಲಿ ಒಪ್ಪಿಗೆ ದೊರೆಯಿತು. ಭಾರತದಲ್ಲಿ ಅದು ಮುಖ್ಯವಾಗಿ ಆಸ್ಪತ್ರೆಯ ಚುಚ್ಚುಮದ್ದಾಗಿಯೇ ಉಳಿದಿದೆ. ಹಾಗಾಗಿ ಹಾವಿನ ವಿಷದ ಔಷಧ ಇದೆಯೇ ಎಂದು ಕೇಳುವ ಗ್ರಾಮಸಭೆ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ನಾಲೊಕ್ಸೋನ್ ಇದೆಯೇ ಎಂದೂ ಕೇಳಬೇಕು.

ಮೂರನೆಯ ಅಪಾಯ: ಬಿಟ್ಟು ಮರಳುವುದು

ಚಿಕಿತ್ಸೆ ಮುಗಿಸಿ ಬಂದವನು ಮೂರು ತಿಂಗಳು ಚೆನ್ನಾಗಿದ್ದು ಮತ್ತೆ ಒಂದು ದಿನ ಜಾರಿದರೆ, ಇವನು ಉದ್ಧಾರವಾಗುವವನಲ್ಲ ಎಂದು ಮನೆಯವರು ಕೈಚೆಲ್ಲುತ್ತಾರೆ. ಸಕ್ಕರೆ ಕಾಯಿಲೆಯವನು ಹಬ್ಬದಲ್ಲಿ ಒಬ್ಬಟ್ಟು ತಿಂದು ಸಕ್ಕರೆ ಏರಿಸಿಕೊಂಡರೆ ಯಾರೂ ಅವನ ಔಷಧ ನಿಲ್ಲಿಸುವುದಿಲ್ಲ. ವ್ಯಸನವೂ ಹಾಗೆ ಮರುಕಳಿಸುವ ಕಾಯಿಲೆ. ಮರುಕಳಿಸಿದ ದಿನವೇ ವೈದ್ಯರ ಬಳಿಗೆ ಮರಳುವುದು ಸರಿಯಾದ ದಾರಿ.

ಇದರಲ್ಲಿ ಒಂದು ಪ್ರಾಣಾಂತಿಕ ಸೂಕ್ಷ್ಮವಿದೆ. ಅಫೀಮು ಜಾತಿಯ ವಸ್ತು ಬಿಟ್ಟವರ ಮೈ ಕೆಲವೇ ವಾರಗಳಲ್ಲಿ ಹಳೆಯ ಸಹನಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೊದಲು ತಾಳುತ್ತಿದ್ದ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಚಿಕಿತ್ಸಾ ಕೇಂದ್ರದಿಂದ ಅಥವಾ ಜೈಲಿನಿಂದ ಹೊರಬಂದ ಮೊದಲ ವಾರಗಳು ಅತ್ಯಂತ ಅಪಾಯದವು ಎನ್ನುವುದು ಇದೇ ಕಾರಣಕ್ಕೆ. ಆ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು.

ಇರುವುದೇನು, ಇಲ್ಲದ್ದೇನು?

ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತರಬಹುದೆಂದು ತೋರಿಸಿಕೊಟ್ಟದ್ದು ಕರ್ನಾಟಕವೇ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಅಗತ್ಯವಾದ ಕೆಲವೇ ಔಷಧಗಳನ್ನು ಅಲ್ಲಿಗೇ ಒದಗಿಸಿ, ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ಬೆಂಬಲ ಇರಿಸಲಾಯಿತು. ಪ್ರತಿ ರೋಗಿಯನ್ನೂ ದೊಡ್ಡ ಊರಿಗೆ ಒಯ್ಯಬೇಕಾಗಿಲ್ಲ ಎಂಬುದು ಇದರಿಂದ ಖಚಿತವಾಯಿತು. ಈ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಆದ್ದರಿಂದ ಬಾಳೆಲೆಯವರ ಮೊದಲ ಬಾಗಿಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಗೆ ಹೋಗಿ ಜ್ವರ ಎಂದು ಹೇಳದೆ, ಕುಡಿತ ಬಿಡಬೇಕಾಗಿದೆ ಎಂದೇ ಹೇಳಬೇಕು. ಎರಡನೆಯ ಬಾಗಿಲು ತಾಲೂಕು ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಗೊತ್ತಾದ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಮೂರನೆಯದು ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ. 2016ರಲ್ಲಿ ವೈದ್ಯಕೀಯ ಕಾಲೇಜು ಬಂದದ್ದರಿಂದ ಜಿಲ್ಲೆಯೊಳಗೇ ಮನೋವೈದ್ಯ ವಿಭಾಗ ದೊರೆತಿದೆ. ತೀರ ಜಟಿಲವಾದ ರೋಗಿಗಳಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದ್ದೇ ಇದೆ.

ಸರ್ಕಾರದ ಹೊರಗೂ ದಾರಿಗಳಿವೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನ ಸಮುದಾಯ ಭವನಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದ್ದಾರೆ. ಕೊಡಗಿನಲ್ಲೂ ಇವು ನಡೆದಿವೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯ ಹೆಸರಿನಲ್ಲಿ ಪಾನಮುಕ್ತರು ಮತ್ತೆ ಮತ್ತೆ ಸೇರುವ ಏರ್ಪಾಡು ಇದರ ಬಲ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಕರ್ನಾಟಕದಲ್ಲೂ ಇವೆ. ಅಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಮೊದಲೇ ಹೇಳಿದಂತೆ, ಫಿಟ್ಸ್ ಅಥವಾ ಸನ್ನಿಯ ಇತಿಹಾಸವಿರುವವರು ಮಾತ್ರ ವೈದ್ಯರಿಂದ ಮೈ ಸರಿಪಡಿಸಿಕೊಂಡೇ ಶಿಬಿರಕ್ಕೆ ಸೇರಬೇಕು.

ಫೋನಿನ ದಾರಿ ಎಲ್ಲಕ್ಕಿಂತ ಹತ್ತಿರದ್ದು. ವ್ಯಸನಮುಕ್ತಿಯ ಸಲಹೆಗೆ ಕೇಂದ್ರ ಸರ್ಕಾರದ ಉಚಿತ ಸಂಖ್ಯೆ 14446. ಮನಸ್ಸಿನ ಯಾವುದೇ ಕಷ್ಟಕ್ಕೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಸಂಖ್ಯೆ 14416, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಪ್ರಾಣಾಪಾಯದಲ್ಲಿ 108.

ಇಷ್ಟಿದ್ದರೂ ಕೊರತೆಗಳು ಸಣ್ಣವಲ್ಲ. ರಾತ್ರಿ ಹೊತ್ತಿನ ವಾಹನ, ಮಳೆಗಾಲದ ರಸ್ತೆ, ಮೊಬೈಲ್ ಸಿಗ್ನಲ್ ಸಿಗದ ಹಾಡಿಗಳು, ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂರಲಾಗದ ಬಡತನ ಇವೆಲ್ಲ ನಿಜವಾದ ತೊಡಕುಗಳು. ಜೇನುಕುರುಬ, ಯರವ ಕುಟುಂಬದ ಕಾರ್ಮಿಕನಿಗೆ ಆಸ್ಪತ್ರೆಯ ಚೀಟಿಯ ಭಾಷೆಯೇ ಒಂದು ಬೇಲಿ. ಆದರೆ ಪ್ರತಿ ಹಾಡಿಗೂ, ಪ್ರತಿ ಲೈನಿಗೂ ರಾತ್ರಿ ವಾಹನ ಕೊಡಬಲ್ಲ ಇಬ್ಬರ ಹೆಸರು ಬರೆದಿಡಲು ಸರ್ಕಾರದ ಅನುದಾನ ಬೇಕಾಗಿಲ್ಲ. ತೋಟದ ರೈಟರ್, ಮೇಸ್ತ್ರಿ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು ಕುಳಿತರೆ ಒಂದು ಸಂಜೆಯ ಕೆಲಸ.

ತಂದೆತಾಯಿಗಳಿಗೆ

ಮಗನ ಗೆಳೆಯರು ಒಮ್ಮೆಲೇ ಬದಲಾಗುವುದು, ಮನೆಯಲ್ಲಿ ಹಣ ಕಾಣೆಯಾಗುವುದು, ಅಂಕ ಕುಸಿಯುವುದು, ರಾತ್ರಿ ಹಗಲಿನ ನಿದ್ದೆ ಅದಲುಬದಲಾಗುವುದು, ಕಣ್ಣು ಕೆಂಪಾಗಿರುವುದು: ಇವು ಕಂಡ ಕೂಡಲೇ ಕೈಯೆತ್ತುವುದರಿಂದ ಪ್ರಯೋಜನವಿಲ್ಲ. ಇವೇ ಲಕ್ಷಣಗಳು ಖಿನ್ನತೆಯಲ್ಲೂ ಕಾಣಬಹುದು. ಅವನು ಅಮಲಿನಲ್ಲಿಲ್ಲದ ಹೊತ್ತಿನಲ್ಲಿ ಕೂರಿಸಿ ಕೇಳಬೇಕು. ಹೇಳಿದರೆ ಹೊಡೆಯುತ್ತಾರೆ ಎಂದು ಗೊತ್ತಿರುವ ಮಗ, ಅಪಾಯದ ರಾತ್ರಿಯಲ್ಲೂ ಮನೆಗೆ ಫೋನು ಮಾಡುವುದಿಲ್ಲ.

ಪೊಲೀಸರ ಭಯದಿಂದ ಚಿಕಿತ್ಸೆ ತಪ್ಪಿಸುವವರೂ ಇದ್ದಾರೆ. 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಂ ಈ ಭಯಕ್ಕೆ ಒಂದು ಉತ್ತರ. ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರದ ಅಥವಾ ಸರ್ಕಾರದ ಮಾನ್ಯತೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ, ಆ ಆರೋಪದ ವಿಚಾರಣೆಯಿಂದ ಅವನಿಗೆ ರಕ್ಷಣೆಯಿದೆ. ಮಾರಾಟಗಾರನಿಗೆ ಈ ರಕ್ಷಣೆಯಿಲ್ಲ. ಇನ್ನು ಮಕ್ಕಳ ಕೈಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಡುವವನಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಸಜೆ ಇದೆ.

ಗುಟ್ಟಾಗಿ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ ಎನ್ನುವ ಪುಡಿಗಳ ಜಾಹೀರಾತಿಗೆ ಮರುಳಾಗಬಾರದು. ಡೈಸಲ್ಫಿರಾಂ ಎಂಬ ಮಾತ್ರೆಯ ಕಥೆ ಇಲ್ಲಿ ನೆನೆಯಬೇಕು. 1940ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರು ಹುಳುವಿನ ಔಷಧವೆಂದು ಇದನ್ನು ತಾವೇ ನುಂಗಿ ನೋಡುತ್ತಿದ್ದಾಗ, ಸ್ವಲ್ಪ ಮದ್ಯ ಸೇವಿಸಿದೊಡನೆ ಮುಖ ಕೆಂಪೇರಿ ಅಸ್ವಸ್ಥರಾದರು. ಅದರಿಂದಲೇ ಈ ಔಷಧ ಬಳಕೆಗೆ ಬಂತು. ಆದರೆ ರೋಗಿಗೆ ತಿಳಿಸಿ, ಒಪ್ಪಿಸಿ ಕೊಟ್ಟರೆ ಮಾತ್ರ ಅದು ಔಷಧ. ತಿಳಿಯದೆ ನುಂಗಿದವನು ಎಂದಿನಂತೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು. ಪುಡಿಯಲ್ಲಿ ಏನಿದೆಯೆಂದು ತಿಳಿಯದಿದ್ದರೆ ಅಪಾಯ ಇನ್ನೂ ಹೆಚ್ಚು.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಕೇಂದ್ರಕ್ಕೆ ನೋಂದಣಿ ಇದೆಯೇ? ವೈದ್ಯರು ನಿಜವಾಗಿ ಬರುತ್ತಾರೆಯೇ? ಮನೆಯವರು ಬಂದು ನೋಡಬಹುದೇ? ಸರಪಳಿ ಹಾಕುವುದನ್ನು 2017ರ ಕಾಯ್ದೆ ಸಂಪೂರ್ಣವಾಗಿ ನಿಷೇಧಿಸಿದೆ. ಹೊಡೆದು ಬಿಡಿಸುತ್ತೇವೆ ಎನ್ನುವ ಜಾಗ ಚಿಕಿತ್ಸೆಯ ಜಾಗವಲ್ಲ.

ವಿದ್ಯಾರ್ಥಿಗಳಿಗೆ

ಗೆಳೆಯ ಎಚ್ಚರ ತಪ್ಪಿ ಬಿದ್ದಾಗ ವಾರ್ಡನ್ನಿಗೆ ತಿಳಿದರೆ ಹಾಸ್ಟೆಲಿನಿಂದ ಹೊರಹಾಕುತ್ತಾರೆ ಎಂಬ ಲೆಕ್ಕಾಚಾರದಲ್ಲಿ ಕಳೆಯುವ ಅರ್ಧ ಗಂಟೆಯೇ ಸಾವಿಗೆ ಸಾಕು. ಹಾಸ್ಟೆಲ್ ಇನ್ನೊಂದು ಸಿಗುತ್ತದೆ. ಮೊದಲು 108, ಆಮೇಲೆ ಮಗ್ಗುಲಾಗಿ ಮಲಗಿಸುವುದು, ಆಂಬುಲೆನ್ಸ್ ಬರುವವರೆಗೆ ಬಿಟ್ಟು ಕದಲದಿರುವುದು. ಈ ಮೂರನ್ನು ಬಾಯಿಪಾಠ ಮಾಡಿದರೆ ಸಾಕು.

ಅಪ್ಪ ಕುಡಿಯುವ ಮನೆಯಿಂದ ಶಾಲೆಗೆ ಬರುವ ಮಕ್ಕಳು ಪ್ರತಿ ತರಗತಿಯಲ್ಲೂ ಇರಬಹುದು. ಅವರು ಹೋಂವರ್ಕ್ ಮಾಡದಿರಲು ಕಾರಣ ಸೋಮಾರಿತನವೇ ಆಗಿರಬೇಕಾಗಿಲ್ಲ. ಅಪ್ಪ ಕುಡಿಯುವುದಕ್ಕೆ ಮಗುವಿನ ಅಂಕವಾಗಲಿ ನಡತೆಯಾಗಲಿ ಕಾರಣವಲ್ಲ, ಅದನ್ನು ಬಿಡಿಸುವ ಹೊಣೆಯೂ ಮಗುವಿನದಲ್ಲ. ಆದರೆ ಮೇಷ್ಟ್ರಿಗೋ, ಚಿಕ್ಕಮ್ಮನಿಗೋ, ನಂಬಿಕೆಯ ಒಬ್ಬರಿಗೆ ಹೇಳಿಕೊಳ್ಳುವುದು ಮನೆಗೆ ಮಾಡುವ ದ್ರೋಹವಲ್ಲ. ಹೊಡೆತ ಬಡಿತ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನು ಮಾಡಬಹುದು.

ಬೆಂಕಿ ಬಿದ್ದಾಗ ಬಾವಿ ತೋಡುವುದು ಎಂಬ ಗಾದೆ ಈ ವಿಷಯಕ್ಕೆ ಚೆನ್ನಾಗಿ ಒಪ್ಪುತ್ತದೆ. 108, 14446, 14416 ಎಂಬ ಮೂರು ಸಂಖ್ಯೆಗಳನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲು ಒಂದು ನಿಮಿಷ ಸಾಕು. ಹಾವು ಕಚ್ಚಿದವನನ್ನು ಯಾರೂ, ನೀನು ಕಾಲಿಟ್ಟದ್ದೇಕೆ ಎಂದು ವಿಚಾರಣೆ ಮಾಡುತ್ತ ಕೂರುವುದಿಲ್ಲ. ಮೊದಲು ಜೀಪು ಹತ್ತಿಸುತ್ತಾರೆ. ಕುಡಿತದವನಿಗೂ, ಮಾತ್ರೆಯ ಹುಡುಗನಿಗೂ ಊರು ಅದೇ ಜೀಪನ್ನು ಅಷ್ಟೇ ಬೇಗ ಹೊರಡಿಸಿದ ದಿನ ಬಾಳೆಲೆಯಿಂದ ಆಸ್ಪತ್ರೆಗಿರುವ ದೂರ ಅರ್ಧಕ್ಕಿಳಿಯುತ್ತದೆ.